ಸೈಡ್ ಬಿ ನೋಡಬೇಕಾ ಎಂದು ಕೇಳಿದವರಿಗೆ

‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾದ ಮೊದಲ ಭಾಗ ಸೈಡ್ ಎ ನೋಡಿ ಮುಗಿಸಿದ್ದೀರಿ, ಎರಡನೇ ಭಾಗ ಸೈಡ್ ಬಿ ಕೂಡ ನೋಡಬೇಕಾ, ಅಲ್ಲಿಗೇ ಬಿಡಬಹುದಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಈಚೆಗೆ ನೋಡಿದೆ. ಖಂಡಿತ ನೋಡಿ, ಆದರೆ ತಕ್ಷಣ ಬೇಡ.

ನನಗೆ ಜಾಸ್ತಿ ಹಿಡಿಸಿದ್ದು ಸೈಡ್ ಎ. ಜೈಲಿನ ಭೇಟಿಯ ದೃಶ್ಯಗಳಲ್ಲಿ ನಾಯಕಿ ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಮುಖ ನೋಡಿದರೆ ಸಾಕು, ಮಾತೇ ಬೇಕಿಲ್ಲ. ಚರಣ್ ರಾಜ್ ಸಂಗೀತ ಈಗಲೂ ತಲೆಯಲ್ಲಿ ಸುತ್ತುತ್ತಿದೆ.

ಸೈಡ್ ಬಿ ಬೇರೆಯದೇ ಲೋಕ. ಮೊದಲ ಭಾಗದ ನೀಲಿ ಹೋಗಿ ತೆರೆಯ ತುಂಬ ಕೆಂಪು. ಜೈಲಿನಿಂದ ಹೊರಬಂದ ನಾಯಕ ಮನು, ಬೇರೊಬ್ಬನನ್ನು ಮದುವೆಯಾಗಿರುವ ಪ್ರಿಯಾಳ ಬದುಕನ್ನು ಕದ್ದು ನೋಡುವುದು ನನಗೆ ಕಸಿವಿಸಿ ಉಂಟುಮಾಡಿತು. ಪ್ರೀತಿ ಅಂದ ಮಾತ್ರಕ್ಕೆ ಅದೆಲ್ಲ ಸರಿ ಆಗುವುದಿಲ್ಲ ಅಲ್ವಾ? ಹೊಡೆದಾಟವೂ ಸ್ವಲ್ಪ ಉದ್ದವಾಯಿತು. ಆದರೆ ಸುರಭಿ ಪಾತ್ರದಲ್ಲಿ ಚೈತ್ರಾ ಆಚಾರ್ ಇದ್ದಾರೆ ನೋಡಿ, ಅವರಿಗಾಗಿಯಾದರೂ ಬಿಡಬೇಡಿ. ಏನೂ ಕೇಳದೆ ಪ್ರೀತಿಸುವ ಆ ಹೆಣ್ಣಿನ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ ಅನ್ನೋದು ನನ್ನ ಬೇಸರ.

2023ರಲ್ಲಿ ಸೈಡ್ ಎ ಸೆಪ್ಟೆಂಬರ್‌ನಲ್ಲಿ, ಸೈಡ್ ಬಿ ನವೆಂಬರ್‌ನಲ್ಲಿ ಬಂತು. ಆ ಬಿಡುವು ಒಳ್ಳೆಯದೇ ಆಗಿತ್ತು. ನೀವೂ ಒಂದು ವಾರ ಬಿಟ್ಟು, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನೋಡಿ.