ಮೊಸಳೆ ಗೊಂಬೆಯಲ್ಲ

ಜೂಗೆ ಬರುವ ಜನರ ಯಾವ ವರ್ತನೆ ನೋಡಿ ನಿಮಗೆ ಸಿಟ್ಟು ಬಂದಿದೆ, ಯಾವುದು ನಗಿಸಿದೆ ಎಂದು ಕೇಳಿದ್ದೀರಿ. ಸಿಟ್ಟು ಅಂದ ತಕ್ಷಣ ನನಗೆ ನೆನಪಾಗಿದ್ದು ಬನ್ನೇರುಘಟ್ಟದ ಮೊಸಳೆ.

ಹೋದ ಸಲ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಏಳು ವರ್ಷ. ಮೊಸಳೆಯ ಕೊಳದ ಹತ್ತಿರ ಐದಾರು ಹುಡುಗರು ನಿಂತಿದ್ದರು. ದಡದ ಮೇಲೆ ಒಂದು ಮೊಸಳೆ ಬಾಯಿ ಅಗಲಕ್ಕೆ ತೆರೆದು ಮಲಗಿತ್ತು. ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ.

"ಸಿಮೆಂಟ್ ಗೊಂಬೆ ಕಣೋ."

"ಇಲ್ಲ ಮಗಾ, ನಿಜವಾದ್ದೇ."

ಮೊದಲು ಶಿಳ್ಳೆ ಹೊಡೆದರು. ಆಮೇಲೆ ಬಾಟಲಿ ಮುಚ್ಚಳ ಎಸೆದರು. "ಬೇಡ್ರಪ್ಪಾ" ಎಂದು ನಾನು ಹೇಳುವಷ್ಟರಲ್ಲಿ ಒಂದು ಕಲ್ಲು ಅದರ ಬೆನ್ನಿಗೆ ಬಿತ್ತು. ಮೊಸಳೆ ಸರಕ್ಕನೆ ನೀರಿಗೆ ಇಳಿಯಿತು. ಹುಡುಗರು ಕೇಕೆ ಹಾಕಿದರು. ಕಲ್ಲು ಯಾಕೆ ಎಸೆದ್ರಿ ಎಂದು ಕೇಳಿದ್ದಕ್ಕೆ ಒಬ್ಬ ಹೇಳಿದ: "ದುಡ್ಡು ಕೊಟ್ಟು ಬಂದಿದೀವಿ ಸಾರ್, ಅಲ್ಲಾಡ್ಬೇಕಲ್ವಾ?"

ಆ ಮಾತು ಈಗಲೂ ನನ್ನನ್ನು ಕಾಡುತ್ತದೆ. ಮೊಸಳೆಯ ಮೈ ನಮ್ಮ ಮೈಯ ಹಾಗೆ ತಾನಾಗಿ ಬೆಚ್ಚಗಿರುವುದಿಲ್ಲ, ಅದು ಬಿಸಿಲು ಕಾಯಿಸಲೇಬೇಕು. ಬಿಸಿ ಜಾಸ್ತಿಯಾದರೆ ಬಾಯಿ ತೆರೆದು ತಣ್ಣಗಾಗುತ್ತದೆ. ನಮಗೆ ಸುಮ್ನೆ ಬಿದ್ದುಕೊಂಡ ಹಾಗೆ ಕಾಣುವ ಹೊತ್ತು ಅದಕ್ಕೆ ಅಷ್ಟು ಮುಖ್ಯ. ಸಿಂಹವೂ ಹಾಗೇ, ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಅದನ್ನು ಎಬ್ಬಿಸಲು ಕಿರುಚುವವರನ್ನು ಪ್ರತಿ ಸಲವೂ ನೋಡುತ್ತೇನೆ.

ಜಿಂಕೆಗೆ ಚಿಪ್ಸ್ ಕೊಡುವವರ ಮೇಲೆ ಇನ್ನೂ ಸಿಟ್ಟು ಬರುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಉಪ್ಪಿನ ರುಚಿಗೆ ಅದು ಕವರನ್ನೂ ನುಂಗಬಹುದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಸುಲಭವಾಗಿ ಹೊರಗೂ ಹೋಗುವುದಿಲ್ಲ. ಜೂ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನ್ನಲು ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಕಲಮಿನ ಪ್ರಕಾರ ಅಪರಾಧ. ಬೋರ್ಡು ಓದುವವರೇ ಕಮ್ಮಿ.

ನಗು ಬಂದಿದ್ದೂ ಇದೆ. ಒಬ್ಬ ತಾಯಿ ಹುಲಿಯ ಎದುರು ನಿಂತು ಮಗನಿಗೆ ಚಪಾತಿ ತಿನ್ನಿಸುತ್ತಿದ್ದರು. "ತಿನ್ನದಿದ್ರೆ ನಿನ್ನನ್ನ ಅದಕ್ಕೇ ಕೊಟ್ಟುಬಿಡ್ತೀನಿ" ಎಂದರು. ಆ ಪುಟ್ಟ ಹುಡುಗ ಹುಲಿಯನ್ನು ನೋಡಿದ, ಚಪಾತಿಯನ್ನು ನೋಡಿದ. "ಅದಕ್ಕೆ ಚಪಾತಿ ಕೊಡು, ನಾನು ಇಲ್ಲೇ ಇರ್ತೀನಿ" ಎಂದ. ಸುತ್ತ ಇದ್ದವರೆಲ್ಲ ನಕ್ಕುಬಿಟ್ಟೆವು.

ಮತ್ತೆ ಮೊಸಳೆಗೆ ಬರುತ್ತೇನೆ. ಹುಡುಗರು ಹೋದ ಮೇಲೂ ನಾವಿಬ್ಬರೂ ಅಲ್ಲೇ ನಿಂತೆವು. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ನೀರಿನ ಮೇಲೆ ಎರಡು ಕಣ್ಣು ಬಂದವು. "ಮಾಮಾ, ಅದರ ಕಣ್ಣಿನ ಮೇಲೆ ಗಾಜಿನ ಥರ ಏನೋ ಹೋಯ್ತು!" ಎಂದಳು. ಅದು ಮೊಸಳೆಯ ಮೂರನೇ ರೆಪ್ಪೆ. ನೀರಿನೊಳಗೆ ಕಣ್ಣು ಕಾಯುವ ತೆಳು ಪೊರೆ. ಇಷ್ಟು ವರ್ಷ ಹೋಗಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವತ್ತು ಆನೆ ನೋಡಲು ಹೊತ್ತು ಸಿಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕಣ್ಣು ಮಿಟುಕಿಸಿ ಮಿಟುಕಿಸಿ, ತನಗೂ ಆ ರೆಪ್ಪೆ ಇದೆಯಾ ಎಂದು ಕಿಟಕಿಯ ಗಾಜಿನಲ್ಲಿ ಹುಡುಕುತ್ತಿದ್ದಳು.