ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದದ್ದು ಬರೀ ಧರ್ಮಯುದ್ಧವೇ?

ಹಾಗೆಂದುಬಿಟ್ಟರೆ ಶಾಸನಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ವಿಜಯನಗರವನ್ನು ಮೊದಲು ಆಳಿದ ಸಂಗಮ ವಂಶದ ಅರಸರು ವಿರೂಪಾಕ್ಷನ ಹೆಸರಿನಲ್ಲೇ ಆಳಿ, ಸಂಸ್ಕೃತ ಶಾಸನಗಳ ಕೊನೆಗೂ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕಿಸುತ್ತಿದ್ದರು. ಅದೇ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನೂ ಧರಿಸಿದರು. ‘ಸುರತ್ರಾಣ’ವೆಂದರೆ ‘ಸುಲ್ತಾನ’ ಪದವೇ ಸಂಸ್ಕೃತದ ವೇಷ ತೊಟ್ಟದ್ದು.

ಹಂಪಿಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸುವುದು ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ. ಗುಮ್ಮಟವಾಗಲಿ ಮಿನಾರುಗಳಾಗಲಿ ಇಲ್ಲದ, ಅಲ್ಲಿನ ಮಂಟಪಗಳಂತೆಯೇ ಕಂಬಗಳ ಮೇಲೆ ನಿಂತ ಆ ಕಟ್ಟಡವನ್ನು ಅದರ ಕನ್ನಡ ಶಾಸನವು ‘ಧರ್ಮಸಾಲೆ’ ಎನ್ನುತ್ತದೆ. ಅದನ್ನು ಕಟ್ಟಿಸಿದ್ದು ರಾಜನಿಗೆ ಪುಣ್ಯವಾಗಲೆಂದು. 1565ರಲ್ಲಿ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ್ದು ನಿಜ. ಆದರೆ ಅದಕ್ಕೂ ಮೊದಲು ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನು ಅವರವರ ಜಗಳಗಳಲ್ಲಿ ಒಮ್ಮೆ ಒಬ್ಬರ, ಮತ್ತೊಮ್ಮೆ ಇನ್ನೊಬ್ಬರ ಪಕ್ಷ ವಹಿಸಿ ಕಾದಿದ್ದನು.