ಗಣಿ ವಿಸ್ತರಣೆಗೆ ಮೊದಲು ವೀರಗಲ್ಲು, ಶಾಸನಗಳನ್ನು ಗುಡಿಗೆ ಸಾಗಿಸಬಹುದೇ?

ಸಾಗಿಸಬೇಡಿ. ಹುನಗುಂದ ಸೀಮೆಯ ನಿಮ್ಮ ಊರಿನ ಗುಡ್ಡಕ್ಕೆ ಗ್ರಾನೈಟ್ ಗಣಿ ವಿಸ್ತರಣೆಯಾಗುವ ಮೊದಲು ಅಲ್ಲಿನ ವೀರಗಲ್ಲುಗಳನ್ನೂ ಶಾಸನವನ್ನೂ ಹನುಮಪ್ಪನ ಗುಡಿಗೆ ತಂದಿಡಲು ಯಾರ ಅನುಮತಿ ಬೇಕು ಎಂದು ಕೇಳಿದ್ದೀರಿ. ಮುಧೋಳ ಸೀಮೆಯ ನಮ್ಮೂರಿನಲ್ಲಿ ನಾವು ಯಾರ ಅನುಮತಿಯನ್ನೂ ಕೇಳದೆ ಅದನ್ನೇ ಮಾಡಿದೆವು. ಸುಣ್ಣದಕಲ್ಲಿನ ಗಣಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಬೇರೆ ಯಾರೂ ಮಾಡಿರಲಾರರು.

ನಮ್ಮಲ್ಲಿದ್ದುದು ಎರಡು ವೀರಗಲ್ಲು, ಒಂದು ದಾನಶಾಸನ. ಅರ್ಧ ಮಣ್ಣಿನಲ್ಲಿ ಹೂತಿದ್ದ ಶಾಸನದ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು ಮತ್ತು ಕರು ಸ್ಪಷ್ಟವಾಗಿ ಕಾಣುತ್ತಿದ್ದವು. ಸುತ್ತಲಿನ ಹೊಲದಲ್ಲಿ ರಂಟೆ ಹೊಡೆದಾಗಲೆಲ್ಲ ಕಪ್ಪು-ಕೆಂಪು ಮಡಕೆಯ ಚೂರುಗಳು ಮೇಲೆ ಬರುತ್ತಿದ್ದವು. ಅವನ್ನು ಬದುವಿಗೆ ಎಸೆಯುವುದೇ ವಾಡಿಕೆಯಾಗಿತ್ತು. ಗಣಿಯ ಹದ್ದುಗಲ್ಲು ನೆಡಲು ಜನ ಬಂದಿದ್ದಾರೆಂಬ ಸುದ್ದಿ ತಿಳಿದೊಡನೆ ನಾನೂ ನನ್ನ ಓರಗೆಯವರೂ ಸೇರಿ ಮೂರೂ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿ, ಟ್ರ್ಯಾಕ್ಟರಿಗೆ ಹೇರಿ, ಬಸವಣ್ಣನ ಗುಡಿಯ ಕಟ್ಟೆಗೆ ಒರಗಿಸಿ, ಎಣ್ಣೆ ಹಚ್ಚಿ ಹೂವು ಏರಿಸಿ, ಊರಿನ ಆಸ್ತಿಯನ್ನು ಉಳಿಸಿದೆವೆಂದು ಎದೆಯುಬ್ಬಿಸಿಕೊಂಡು ತಿರುಗಿದೆವು.

ಇದರಲ್ಲಿ ತಪ್ಪೇನು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮೂರಿನ ಅನೇಕರಿಗೆ ಅದು ಇಂದಿಗೂ ತಪ್ಪೆಂದು ತೋರುವುದಿಲ್ಲ. ಪರಿಸರ ಪರಿಣಾಮದ ವರದಿ ಬರೆಯುವವರು ಬಂದು ಹೊಲವನ್ನು ನಡೆದು ನೋಡಿ, ವಿಸ್ತರಣೆಯ ಜಾಗದಲ್ಲಿ ಪುರಾತನ ಅವಶೇಷಗಳಿಲ್ಲ ಎಂದು ಬರೆದುಕೊಂಡರು. ಅವರು ಸುಳ್ಳು ಬರೆಯಲಿಲ್ಲ; ಅಲ್ಲಿದ್ದುದನ್ನು ನಾವೇ ಎತ್ತಿಟ್ಟಿದ್ದೆವು. ಸಾರ್ವಜನಿಕ ಅಹವಾಲು ಸಭೆಯಲ್ಲಿ ನಾನು ಎದ್ದು ನಿಂತು ಇಲ್ಲಿ ಶಾಸನವಿತ್ತು ಎಂದಾಗ, ಯಾವ ಸರ್ವೆ ನಂಬರಿನಲ್ಲಿತ್ತು, ಇದ್ದುದಕ್ಕೆ ಫೋಟೊ ಇದೆಯೇ, ಪಂಚನಾಮೆ ಇದೆಯೇ ಎಂದು ಕೇಳಿದರು. ಏನೂ ಇರಲಿಲ್ಲ. ಕಲ್ಲು ಕಿತ್ತ ಗುಂಡಿಗಳನ್ನು ಕೂಡ, ದನಗಳ ಕಾಲು ಸಿಕ್ಕಬಾರದೆಂದು, ಅಚ್ಚುಕಟ್ಟಾಗಿ ಮುಚ್ಚಿದ್ದೆವು. ಆಮೇಲೆ ನಿವೃತ್ತ ಅಧ್ಯಾಪಕರೊಬ್ಬರು ಶಾಸನವನ್ನು ಓದಿದರು: ದಾನವಾಗಿ ಬಿಟ್ಟ ಭೂಮಿಯ ನಾಲ್ಕು ಎಲ್ಲೆಗಳನ್ನು ಹೇಳುವಲ್ಲಿ ಬಡಗಣ ಎಲ್ಲೆಯೇ ಆ ಕಲ್ಲು, ಮೂಡಣದ್ದು ಕೆರೆಯ ಏರಿ. ನೆಟ್ಟಲ್ಲಿಯೇ ಇದ್ದಿದ್ದರೆ ಅಲ್ಲಿಂದ ಅಳೆಯುತ್ತ ಹೋಗಿ, ಈಗ ಯಾರಿಗೂ ಗೊತ್ತಿಲ್ಲದ ಆ ಕೆರೆಯನ್ನೂ ಹುಡುಕಬಹುದಿತ್ತು. ಗುಡಿಯ ಕಟ್ಟೆಗೆ ಒರಗಿಸಿದ ಕಲ್ಲು ಯಾವ ಹೊಲದ ಬಡಗಣ ಎಲ್ಲೆಯಾದೀತು? ಕಲ್ಲುಗಳಿಲ್ಲದ ಮೇಲೆ ಮಡಕೆಯ ಚೂರುಗಳತ್ತ ಯಾರ ಕಣ್ಣೂ ಹೋಗಲಿಲ್ಲ, ಇಂದು ಆ ಹೊಲ ಗಣಿಯ ಹೊಂಡದೊಳಗಿದೆ.

ಐಹೊಳೆಯ ಮೇಗುತಿ ಗುಡಿ ಯಾವ ಕಾಲದ್ದೆಂದು ನಾವು ಹೇಳಬಲ್ಲೆವಾದರೆ, ರವಿಕೀರ್ತಿಯ ಕ್ರಿ.ಶ. 634ರ ಶಾಸನ ಅದೇ ಗುಡಿಯ ಗೋಡೆಯಲ್ಲಿ ಉಳಿದಿರುವುದರಿಂದ. ಎತ್ತಿಟ್ಟರೆ ಉಳಿಸಿದಂತೆ ಎಂಬ ನಂಬಿಕೆ ನಮ್ಮೂರಿನದು ಮಾತ್ರವೂ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಯಲ್ಲಿ, ಸುಮಾರು 46,000 ವರ್ಷಗಳ ಹಿಂದಿನಿಂದ ಮನುಷ್ಯರು ಬಳಸಿದ್ದ ಕಲ್ಲಾಸರೆಗಳಿಂದ ಸಾವಿರಾರು ವಸ್ತುಗಳನ್ನು 2014ರಲ್ಲಿ ಅಗೆದು ತೆಗೆದರು. 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿನ ಗಣಿ ವಿಸ್ತರಣೆಗಾಗಿ, ಕಾನೂನಿನ ಒಪ್ಪಿಗೆಯೊಂದಿಗೇ, ಆ ಕಲ್ಲಾಸರೆಗಳನ್ನೇ ಸ್ಫೋಟಿಸಿದರು.

ಕಾನೂನು ನೋಡಿಕೊಳ್ಳುತ್ತದೆ ಎಂದೂ ಕೂರಬೇಡಿ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಅದು ಘೋಷಿತ ಸ್ಮಾರಕಗಳಿಗೆ ಮಾತ್ರ, ಹೊಲದ ಬದುವಿನ ವೀರಗಲ್ಲಿಗಲ್ಲ. ಆದ್ದರಿಂದ ಅದನ್ನು ಕಾಗದದ ಮೇಲೆ ತರುವುದೇ ನಿಮ್ಮ ಮೊದಲ ಕೆಲಸ. ಕಲ್ಲು ನಿಂತಲ್ಲಿಯೇ ಅಳತೆಪಟ್ಟಿ ಇಟ್ಟು, ಗುಡ್ಡವೂ ಕಾಣುವಂತೆ ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶ ಗುರುತಿಸಿ, ತಲಾಠಿಯವರನ್ನು (ಊರಿನ ಕಂದಾಯ ಅಧಿಕಾರಿ) ಕರೆಸಿ ಸರ್ವೆ ನಂಬರಿನ ಸಹಿತ ಪಂಚನಾಮೆ ಮಾಡಿಸಿ, ಗ್ರಾಮ ಪಂಚಾಯಿತಿಯ ಠರಾವು ಬರೆಸಿ. ಅವುಗಳ ನಕಲನ್ನು ರಾಜ್ಯದ ಪುರಾತತ್ವ ಇಲಾಖೆಗೂ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವೃತ್ತಕ್ಕೂ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ, ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಹವಾಲು ಸಭೆಯಿದ್ದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಚಿಕ್ಕ ಕಲ್ಲುಗಣಿಗಳಿಗೆ ಎಲ್ಲ ಸಲವೂ ಸಭೆ ನಡೆಯುವುದಿಲ್ಲವಾದ್ದರಿಂದ ಅದಕ್ಕಾಗಿ ಕಾಯದಿರುವುದೇ ಲೇಸು. ಗಣಿಯೇ ಬೇಡ ಎಂದು ಹೋರಾಡುವುದು ನಿಮ್ಮ ಇಷ್ಟ. ನಾನಾದರೆ ಕಲ್ಲುಗಳಿರುವ ಗುಡ್ಡದ ಬದಿಯನ್ನು ಗುತ್ತಿಗೆಯ ನಕ್ಷೆಯಿಂದ ಕೈಬಿಡಿ ಎಂಬ ಒಂದೇ ಬೇಡಿಕೆ ಇಡುತ್ತೇನೆ. ಕ್ರೇನ್ ನಾವೇ ಕೊಡುತ್ತೇವೆ, ಗುಡಿಗೆ ಕಂಪೌಂಡನ್ನೂ ಕಟ್ಟಿಸುತ್ತೇವೆ ಎಂದು ಗಣಿಯವರು ಮುಂದೆ ಬಂದರೆ ಒಪ್ಪಬೇಡಿ. ಆ ಔದಾರ್ಯ ಯಾವ ಲೆಕ್ಕದ್ದೆಂದು ಮೇಲೆಯೇ ಹೇಳಿದ್ದೇನೆ.

ಈಗಾಗಲೇ ಯಾವುದಾದರೂ ಕಲ್ಲನ್ನು ಕಿತ್ತಿದ್ದರೆ ಗುಂಡಿಯನ್ನು ಮುಚ್ಚಬೇಡಿ. ಮೂಲೆಗಳಿಗೆ ಗೂಟ ಹೊಡೆದು, ಫೋಟೊ ತೆಗೆದು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂದು ನೋಡಿದ್ದ ಹಿರಿಯರ ಹೇಳಿಕೆಯನ್ನು ಅದೇ ಪಂಚನಾಮೆಯಲ್ಲಿ ಬರೆಸಿ, ಅವರ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ.